ಓದುಗರ ಪ್ರಶ್ನೆ: ಮುಸ್ಸಂಜೆ ಮತ್ತು ನಸುಕಿನ ಆಕಾಶ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸೂರ್ಯ ಮುಳುಗಿದ ಮೇಲಿನ ಒಂದು ಗಂಟೆ, ಹುಟ್ಟುವ ಮೊದಲಿನ ಒಂದು ಗಂಟೆಯ ಬಗ್ಗೆಯೇ ಇವೆ. ಈ ಹೊತ್ತಿನಲ್ಲಿ ನೋಡಹೊರಟವರು ಬರಿಗೈಲಿ ಮರಳುವುದು ಕಣ್ಣು ಮಂದವಾಗಿ ಅಲ್ಲ, ಉಪಕರಣ ಸಾಲದೆಯೂ ಅಲ್ಲ. ನಿಂತ ಜಾಗ ಸರಿಯಿರುವುದಿಲ್ಲ, ಇಲ್ಲವೇ ಹತ್ತು ನಿಮಿಷ ಹೆಚ್ಚುಕಡಿಮೆ ಆಗಿರುತ್ತದೆ. ಉತ್ತರಗಳಲ್ಲಿ ಬರುವ ಡಿಗ್ರಿಗಳನ್ನು ಕೈಯಿಂದಲೇ ಅಳೆಯಬಹುದು. ತೋಳು ಪೂರ್ತಿ ಚಾಚಿ ಹಿಡಿದಾಗ ಕಿರುಬೆರಳಿನ ಅಗಲ 1 ಡಿಗ್ರಿ, ನಡುವಿನ ಮೂರು ಬೆರಳು ಸೇರಿ 5, ಮುಷ್ಟಿ 10, ಗೇಣು ಸುಮಾರು 20.

ಬುಧ ಗ್ರಹ ನೋಡಲು ಹಲವು ಸಲ ತಾರಸಿ ಹತ್ತಿದ್ದೇನೆ. ‘ಇಂದು ಸಂಜೆ ಪಶ್ಚಿಮದಲ್ಲಿ ಬುಧ’ ಎಂದು ಪತ್ರಿಕೆಯಲ್ಲಿ ಬಂದ ದಿನವೂ ಕಾಣಲಿಲ್ಲ. ದೂರದರ್ಶಕ ಬೇಕೇ? (ಹಾಸನ)

ಬೇಡ. ಒಳ್ಳೆಯ ದಿನಗಳಲ್ಲಿ ಬುಧ ಸ್ವಾತಿ, ಅಭಿಜಿತ್ ನಕ್ಷತ್ರಗಳಷ್ಟು, ಕೆಲವೊಮ್ಮೆ ಅವಕ್ಕಿಂತ ಹೆಚ್ಚು ಪ್ರಕಾಶವಾಗಿರುತ್ತದೆ. ತೊಂದರೆ ಇರುವುದು ಅದು ಸೂರ್ಯನ ಪಕ್ಕ ಬಿಟ್ಟು ಕದಲದಿರುವುದರಲ್ಲಿ. ಸೂರ್ಯನಿಂದ ಅದು ಹೋಗುವ ಗರಿಷ್ಠ ದೂರ ಒಂದೊಂದು ಸಲಕ್ಕೆ ಒಂದೊಂದು: 18ರಿಂದ 28 ಡಿಗ್ರಿಯ ನಡುವೆ. ವರ್ಷಕ್ಕೆ ಸುಮಾರು ಮೂರು ಸಲ ಸಂಜೆ, ಮೂರು ಸಲ ನಸುಕಿನಲ್ಲಿ ಕಾಣಸಿಗುತ್ತದೆ. ಪ್ರತಿ ಸಲವೂ ನೆಚ್ಚಬಹುದಾದದ್ದು ಎರಡು ವಾರದ ಆಸುಪಾಸು ಮಾತ್ರ.

ದಿನ ಆರಿಸುವಾಗ ಒಂದು ಸೂಕ್ಷ್ಮವಿದೆ. ಸಂಜೆಯ ಬುಧ ಗರಿಷ್ಠ ದೂರ ಮುಟ್ಟುವ ಮೊದಲಿನ ದಿನಗಳಲ್ಲಿ ಹೊಳಪಾಗಿರುತ್ತದೆ. ಮುಟ್ಟಿದ ಮೇಲೆ ಬಿದಿಗೆ ಚಂದ್ರನ ಹಾಗೆ ಸವೆಯುತ್ತಾ ಬೇಗ ಮಂಕಾಗುತ್ತದೆ. ನಸುಕಿನ ಬುಧ ಇದಕ್ಕೆ ತದ್ವಿರುದ್ಧ: ಮೊದಲು ಮಂಕು, ಆಮೇಲೆ ಹೊಳಪು. ಸಂಜೆ ತಪ್ಪಿಸಿಕೊಂಡವರು ‘ಮುಂದಿನ ವಾರ ನೋಡೋಣ’ ಎಂದರೆ ಕೆಲಸ ಕೆಡುತ್ತದೆ. ಬೆಳಗ್ಗೆ ತಪ್ಪಿಸಿಕೊಂಡವರಿಗೆ ಮುಂದಿನ ವಾರವೇ ವಾಸಿ. ನಮ್ಮಲ್ಲಿ ಜನವರಿಯಿಂದ ಮೇವರೆಗಿನ ಸಂಜೆಗಳು, ಮಳೆ ಹಿಂದೆಗೆದ ಮೇಲೆ ನವೆಂಬರ್‌ವರೆಗಿನ ನಸುಕುಗಳು ಅನುಕೂಲ. ಆಗ ಬುಧ ಸೂರ್ಯನ ಓರೆಗಲ್ಲದೆ ಹೆಚ್ಚುಕಡಿಮೆ ಅವನ ನೇರ ಮೇಲಿರುತ್ತದೆ.

ಇನ್ನು ಹೊತ್ತು. ಕರ್ನಾಟಕದಲ್ಲಿ ಸೂರ್ಯ ಕಡಿದಾಗಿ ಮುಳುಗುತ್ತಾನೆ, ಒಂದು ಡಿಗ್ರಿ ಇಳಿಯಲು ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಸೂರ್ಯಾಸ್ತವಾಗಿ 25 ನಿಮಿಷದೊಳಗೆ ಹುಡುಕಿದರೆ ಆಕಾಶ ಇನ್ನೂ ಬೆಳ್ಳಗಿರುತ್ತದೆ. 50 ನಿಮಿಷ ಕಳೆದರೆ ಬುಧ ದಿಗಂತದ ಧೂಳಿಗೆ ಇಳಿದಿರುತ್ತದೆ. ನಿಮ್ಮ ಪಾಲಿನ ಹೊತ್ತು 30ರಿಂದ 40ನೇ ನಿಮಿಷ. ಆಗ ಅದರ ಎತ್ತರ ಒಂದು ಮುಷ್ಟಿ ಅಥವಾ ಅದಕ್ಕೂ ಕಡಿಮೆ. ಪಶ್ಚಿಮಕ್ಕೆ ತೆಂಗಿನ ತೋಟವೋ ಮೂರಂತಸ್ತಿನ ಮನೆಯೋ ಇದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಹಿಂದಿನ ದಿನವೇ ಅಲ್ಲಿ ನಿಂತು, ಸೂರ್ಯ ಯಾವ ಕಂಬದ, ಯಾವ ಗುಡ್ಡದ ಹಿಂದೆ ಇಳಿದ ಎಂದು ಗುರುತು ಹಾಕಿಕೊಳ್ಳಿ. ಮರುದಿನ ಆ ಗುರುತಿನ ಮೇಲೆ ಮುಷ್ಟಿ ಇಟ್ಟು ಹುಡುಕಿ. ವಸಂತದಲ್ಲಿ ನೇರ ಮೇಲೆ, ಉಳಿದ ಕಾಲದಲ್ಲಿ ಮೇಲೆ ತುಸು ಎಡಕ್ಕೆ ನೋಡಬೇಕು.

ಬೈನಾಕ್ಯುಲರ್ ಇದ್ದರೆ ಹುಡುಕುವುದು ಸುಲಭ, ಆದರೆ ಫೋಕಸ್ ಮೊದಲೇ ಕೂಡಿಸಿರಬೇಕು. ಬೆಳ್ಳನೆಯ ಆಕಾಶದಲ್ಲಿ ಫೋಕಸ್ ತಪ್ಪಿದ ಬುಧ ಹರಡಿ ಕರಗಿಹೋಗುತ್ತದೆ. ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಚಂದ್ರನಿದ್ದರೆ ಅವನ ಮೇಲೆ, ಇಲ್ಲದಿದ್ದರೆ ಕೆಲವು ಕಿಲೋಮೀಟರ್ ದೂರದ ಟವರ್ ದೀಪದ ಮೇಲೆ ಫೋಕಸ್ ಮಾಡಿ, ಚಕ್ರ ಕದಲದಂತೆ ಒಂದು ತುಂಡು ಟೇಪ್ ಅಂಟಿಸಿ. ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರ್ ಕೈಗೆತ್ತಿಕೊಳ್ಳಲೇಬೇಡಿ. ನಸುಕಿನಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಸೂರ್ಯ ಬರುವ ದಿಕ್ಕಿಗೇ ಕಣ್ಣಿಟ್ಟಿರುತ್ತೀರಿ. ಸೂರ್ಯೋದಯಕ್ಕೆ ಹತ್ತು ನಿಮಿಷ ಮೊದಲು ಮೊಬೈಲಿನಲ್ಲಿ ಅಲಾರಂ ಇಟ್ಟು, ಬಡಿದೊಡನೆ ನಿಲ್ಲಿಸಿ.

ಯುಗಾದಿ ಮರುದಿನ ಚಂದ್ರದರ್ಶನ ಮಾಡುವ ಪದ್ಧತಿ ನಮ್ಮದು. ಕೆಲವು ವರ್ಷ ಸಂಜೆಯೇ ಕಾಣುತ್ತಾನೆ, ಕೆಲವು ವರ್ಷ ಆಕಾಶ ಶುಭ್ರವಾಗಿದ್ದರೂ ಕತ್ತಲಾಗುವ ತನಕ ಕಾದರೂ ಇಲ್ಲ. ಮೊದಲೇ ತಿಳಿಯುವುದು ಹೇಗೆ? (ಮಂಡ್ಯ)

ಪಂಚಾಂಗದಲ್ಲಿ ಅಮಾವಾಸ್ಯೆ ಮುಗಿಯುವ ಗಳಿಗೆ ಕೊಟ್ಟಿರುತ್ತಾರೆ. ಅಲ್ಲಿಂದ ನೀವು ನೋಡುವ ಸಂಜೆಯ ಸೂರ್ಯಾಸ್ತದವರೆಗೆ ಎಷ್ಟು ಗಂಟೆ ಎಂದು ಎಣಿಸಿ. ಅದೇ ಚಂದ್ರನ ವಯಸ್ಸು. 15 ಗಂಟೆಗಿಂತ ಕಡಿಮೆಯಿದ್ದರೆ ಬರಿಗಣ್ಣಿನ ಆಸೆ ಬಿಡಿ. 20ರ ಹೊತ್ತಿಗೆ ಬೈನಾಕ್ಯುಲರ್ ಮತ್ತು ತೊಳೆದಿಟ್ಟಂಥ ಆಕಾಶ ಎರಡೂ ಬೇಕು. 24 ದಾಟಿದರೆ ಜಾಗ ಗೊತ್ತಿರುವವರಿಗೆ ಬರಿಗಣ್ಣಿಗೆ ಸಿಗುತ್ತಾನೆ. 30 ದಾಟಿದರೆ ಮನೆಮಂದಿಗೆಲ್ಲ ಕಾಣುತ್ತಾನೆ. ಉದಾಹರಣೆಗೆ, ಅಮಾವಾಸ್ಯೆ ಬೆಳಗ್ಗೆ 10.30ಕ್ಕೆ ಮುಗಿದಿದ್ದರೆ ಅದೇ ಸಂಜೆ 6.30ಕ್ಕೆ ವಯಸ್ಸು 8 ಗಂಟೆ, ಪ್ರಶ್ನೆಯೇ ಇಲ್ಲ. ಮರುಸಂಜೆ 32 ಗಂಟೆ, ಚಿಂತೆಯಿಲ್ಲ. ಹಿಂದಿನ ರಾತ್ರಿ 8ಕ್ಕೆ ಮುಗಿದಿದ್ದರೆ ಇಂದಿನ ಸಂಜೆಗೆ 22 ಗಂಟೆ ಚಿಲ್ಲರೆ. ಜನ ಜಗಳ ಆಡುವುದು ಇಂಥ ಸಂಜೆಗಳಲ್ಲೇ: ಒಬ್ಬರಿಗೆ ಕಂಡಿರುತ್ತದೆ, ಪಕ್ಕದವರಿಗೆ ಕಂಡಿರುವುದಿಲ್ಲ, ಇಬ್ಬರ ಮಾತೂ ನಿಜವೇ.

ವಯಸ್ಸು ಒಂದೇ ಇದ್ದರೂ ಫಲ ಒಂದೇ ಇರುವುದಿಲ್ಲ. ಚಂದ್ರ ಭೂಮಿಗೆ ಹತ್ತಿರವಿದ್ದಾಗ ದಿನಕ್ಕೆ ಸುಮಾರು 15 ಡಿಗ್ರಿ ಓಡುತ್ತಾನೆ, ದೂರವಿದ್ದಾಗ 12. ಅಂದರೆ ಕೆಲವು ತಿಂಗಳು ಅಷ್ಟೇ ಹೊತ್ತಿನಲ್ಲಿ ಸೂರ್ಯನಿಂದ ಹೆಚ್ಚು ದೂರ ಸರಿದಿರುತ್ತಾನೆ. ಸೂರ್ಯನಿಂದ 7 ಡಿಗ್ರಿಯೊಳಗಿರುವ ಚಂದ್ರನ ಗೆರೆ ಕಾಣುವುದೇ ಇಲ್ಲ ಎಂದು ಫ್ರಾನ್ಸಿನ ಖಗೋಳಜ್ಞ ಆಂದ್ರೆ ದಾಂಜೋ 1930ರ ದಶಕದಲ್ಲಿ ತೋರಿಸಿದರು. ಬರಿಗಣ್ಣಿನವರಿಗೆ ಆ ಮಿತಿಯನ್ನು ದಾಟುವ ಉಪಾಯ ಇವತ್ತಿಗೂ ಇಲ್ಲ.

ಯಾವ ನಿಮಿಷದಲ್ಲಿ ನೋಡಬೇಕು ಎನ್ನುವುದಕ್ಕೂ ಲೆಕ್ಕವಿದೆ. ಸೂರ್ಯಾಸ್ತಕ್ಕೂ ಚಂದ್ರಾಸ್ತಕ್ಕೂ ನಡುವಿನ ಅವಧಿಯನ್ನು ಒಂಬತ್ತು ಪಾಲು ಮಾಡಿ. ಸೂರ್ಯಾಸ್ತದಿಂದ ನಾಲ್ಕನೇ ಪಾಲು ಮುಗಿಯುವ ಹೊತ್ತೇ ಅತಿ ಒಳ್ಳೆಯ ಹೊತ್ತು. ಸೂರ್ಯಾಸ್ತ 6.30, ಚಂದ್ರಾಸ್ತ 7.24 ಎಂದಾದರೆ ನಡುವೆ 54 ನಿಮಿಷ, ಪಾಲಿಗೆ ಆರು, ನಾಲ್ಕು ಪಾಲಿಗೆ 24. ಅಂದರೆ 6.54. ಕತ್ತಲಾಗುವ ತನಕ ಕಾದಿದ್ದೇ ನಿಮ್ಮ ತೊಡಕಾಗಿರಬಹುದು: ಎಳೆಯ ಚಂದ್ರ ಕತ್ತಲಾಗುವ ಮೊದಲೇ ಮುಳುಗಿಬಿಡುತ್ತಾನೆ.

ಕಂಡ ಮೇಲೆ ಒಂದೆರಡು ದಿನ ಬಿಟ್ಟು ಮತ್ತೆ ನೋಡಿ. ಗೆರೆಯ ಒಳಗೆ ಉಳಿದ ಬಿಂಬವೆಲ್ಲ ಬೂದುಬಣ್ಣದಲ್ಲಿ ತೋರುತ್ತದೆ. ಅದು ಭೂಮಿಯ ಮೇಲೆ ಬಿದ್ದ ಬಿಸಿಲು ಚಂದ್ರನಿಗೆ ಹಾರಿ, ಅಲ್ಲಿಂದ ತಿರುಗಿ ನಮ್ಮ ಕಣ್ಣಿಗೆ ಬಂದ ಬೆಳಕು. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಇತ್ತು. 24ರ ಸಂಜೆ ಇಂಥ ಚಂದ್ರನ ಮಗ್ಗುಲಿಗೇ ಶುಕ್ರ ಬಂದು ದೇಶದ ತುಂಬ ಜನ ಬೀದಿಗಿಳಿದು ನೋಡಿದ್ದರು.

ಬಿದಿಗೆ ಚಂದ್ರನ ಯಾವ ಕೋಡು ಎತ್ತರವಿದೆ ಎಂದು ನೋಡಿ ನಮ್ಮ ಕಡೆ ಹಿರಿಯರು ಮಳೆ–ಬೆಳೆ ಹೇಳುತ್ತಾರೆ. ಲಂಡನ್ನಿನಲ್ಲಿರುವ ಮಗಳು ಕಳಿಸಿದ ಫೋಟೊದಲ್ಲಿ ಚಂದ್ರ ನೆಟ್ಟಗೆ ನಿಂತಿದೆ, ಇಲ್ಲಿ ದೋಣಿಯ ಹಾಗೆ ಮಲಗಿರುತ್ತದೆ. ಏಕೆ? (ಗದಗ)

ಕೋಡುಗಳು ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತವೆ. ಮುಳುಗಿದ ಸೂರ್ಯ ಚಂದ್ರನ ನೇರ ಕೆಳಗಿದ್ದರೆ ಚಂದ್ರ ಮಲಗುತ್ತಾನೆ, ಓರೆಗಿದ್ದರೆ ವಾಲುತ್ತಾನೆ. ಸೂರ್ಯ ಸಾಗುವ ದಾರಿಯನ್ನು ಕ್ರಾಂತಿವೃತ್ತ ಎನ್ನುತ್ತೇವೆ. ಚಂದ್ರನೂ ಅದರ ಆಸುಪಾಸಿನಲ್ಲೇ ನಡೆಯುತ್ತಾನೆ. ಗದಗಿನಲ್ಲಿ ಮಾರ್ಚ್ ತಿಂಗಳ ಸಂಜೆ ಈ ದಾರಿ ಪಡುವಣ ದಿಗಂತಕ್ಕೆ ಸುಮಾರು 80 ಡಿಗ್ರಿಯಲ್ಲಿ, ಬಹುಮಟ್ಟಿಗೆ ಲಂಬವಾಗಿ ನಿಂತಿರುತ್ತದೆ. ಸೆಪ್ಟೆಂಬರ್ ಸಂಜೆ ಸುಮಾರು 50 ಡಿಗ್ರಿಗೆ ವಾಲಿರುತ್ತದೆ. ಲಂಡನ್ನಿನಲ್ಲಿ ಇದೇ ಕೋನಗಳು ಸುಮಾರು 62 ಮತ್ತು 15. ಹಾಗಾಗಿ ಅಲ್ಲಿ ಸೆಪ್ಟೆಂಬರ್ ಸಂಜೆಯ ಚಂದ್ರ ನೆಟ್ಟಗೆ ನಿಲ್ಲುತ್ತಾನೆ, ಇಲ್ಲಿ ಯುಗಾದಿಯ ಚಂದ್ರ ದೋಣಿಯಾಗುತ್ತಾನೆ.

ಎಡಗೋಡೋ ಬಲಗೋಡೋ ಎನ್ನುವುದನ್ನು ನಿರ್ಧರಿಸುವುದು ಇನ್ನೊಂದು ಅಂಶ. ಚಂದ್ರನ ದಾರಿ ಕ್ರಾಂತಿವೃತ್ತಕ್ಕೆ 5 ಡಿಗ್ರಿ ಓರೆ, ಮತ್ತು ಆ ಓರೆಯ ದಿಕ್ಕು 18.6 ವರ್ಷಕ್ಕೊಂದು ಸುತ್ತು ತಿರುಗುತ್ತದೆ. ಚೈತ್ರದಲ್ಲಿ ಚಂದ್ರ ಹೇಗೂ ಲಂಬಕ್ಕೆ ಹತ್ತಿರವಿರುವುದರಿಂದ ಈ 5 ಡಿಗ್ರಿಯೇ ಅವನನ್ನು ಕೆಲವು ವರ್ಷ ಒಂದು ಕಡೆಗೆ, ಕೆಲವು ವರ್ಷ ಇನ್ನೊಂದು ಕಡೆಗೆ ವಾಲಿಸಲು ಸಾಕು. ಇದನ್ನು ಲೆಕ್ಕ ಹಾಕುವ ವಿದ್ಯೆ ನಮ್ಮಲ್ಲಿ ಹಳೆಯದು. ಸೂರ್ಯಸಿದ್ಧಾಂತದಲ್ಲಿ ‘ಶೃಂಗೋನ್ನತಿ’ ಎಂಬ ಅಧ್ಯಾಯವೇ ಇದೆ. ಎಷ್ಟೋ ವರ್ಷ ಮೊದಲೇ ಗಣಿತದಿಂದ ಹೇಳಬಹುದಾದ ಈ ವಾಲಿಕೆ ಮಳೆಯನ್ನು ಹೇಳಲಾರದು. ಒಂದೇ ಸಂಜೆ ಆಗುಂಬೆಗೂ ಗದಗಿಗೂ ಚಂದ್ರನ ಕೋಡು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಮಳೆ ಒಂದೇ ಥರ ಬರುವುದಿಲ್ಲವಲ್ಲ.

ಶುಕ್ರ ಮೌಢ್ಯ ಒಮ್ಮೆ ಎರಡು ತಿಂಗಳು ಇರುತ್ತದೆ, ಇನ್ನೊಮ್ಮೆ ಹತ್ತೇ ದಿನ. ಮದುವೆ ಮುಹೂರ್ತಕ್ಕೆ ಓಡಾಡುವಾಗ ಇದು ಅರ್ಥವಾಗಲಿಲ್ಲ. (ಶಿರಸಿ)

ಮುಹೂರ್ತದ ಮಾತು ಪುರೋಹಿತರಿಗೆ ಬಿಡೋಣ, ಆಕಾಶದ ಮಾತು ಹೀಗಿದೆ. ಮೌಢ್ಯವೆಂದರೆ ಗ್ರಹ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುವ ಕಾಲ. ಶುಕ್ರ ಹೀಗೆ ಮರೆಯಾಗುವುದು ಎರಡು ಬಗೆಯಲ್ಲಿ. ಸೂರ್ಯನ ಆಚೆ ಹೋದಾಗ ಅದು ನಮ್ಮಿಂದ ಬಹಳ ದೂರವಿದ್ದು, ಸೂರ್ಯನಿಗೆ ಹೋಲಿಸಿದರೆ ದಿನಕ್ಕೆ ಕಾಲು ಡಿಗ್ರಿಯಷ್ಟೇ ಸರಿಯುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಲು ಎರಡು ತಿಂಗಳು ಬೇಕು. ಸೂರ್ಯನಿಗೂ ನಮಗೂ ನಡುವೆ ಬಂದಾಗ ಅದು ತೀರ ಹತ್ತಿರ. ದಿನಕ್ಕೆ ಒಂದೂವರೆ ಡಿಗ್ರಿಗಿಂತ ಹೆಚ್ಚು ಓಡಿ ಎಂಟು–ಹತ್ತು ದಿನದಲ್ಲಿ ಸಂಜೆಯಿಂದ ನಸುಕಿಗೆ ಜಿಗಿಯುತ್ತದೆ. ಸೂರ್ಯಸಿದ್ಧಾಂತ ಇದನ್ನು ಗಮನಿಸಿಯೇ, ಸೂರ್ಯನಿಂದ ಎಷ್ಟು ಅಂತರದೊಳಗೆ ಬಂದರೆ ಮರೆ ಎನ್ನುವುದಕ್ಕೆ ಶುಕ್ರನಿಗೆ ಎರಡು ಅಂಕಿ ಕೊಟ್ಟಿದೆ: ಸಾಮಾನ್ಯವಾಗಿ 10 ಅಂಶ (ಡಿಗ್ರಿ), ವಕ್ರಗತಿಯಲ್ಲಿ, ಅಂದರೆ ಹಿಮ್ಮುಖವಾಗಿ ಸರಿಯುತ್ತಾ ಬಿಂಬ ದೊಡ್ಡದಿರುವಾಗ 8. ಗುರುವಿಗೆ 11, ಶನಿಗೆ 15, ಮಂಗಳನಿಗೆ 17. ಹೆಚ್ಚು ಮಂಕಾದ ಗ್ರಹಕ್ಕೆ ಹೆಚ್ಚು ಅಂತರ. ಕಣ್ಣಿಟ್ಟು ನೋಡಿದವರು ಬರೆದ ಅಂಕಿಗಳು ಇವು.

ಶುಕ್ರನ ಇನ್ನೊಂದು ಗುಣವನ್ನು ಡೈರಿಯಲ್ಲಿ ಬರೆದಿಡಿ. ಎಂಟು ವರ್ಷಕ್ಕೊಮ್ಮೆ ಅದರ ಆಟ ಹೆಚ್ಚುಕಡಿಮೆ ಅದೇ ತಾರೀಕಿಗೆ ಮರುಕಳಿಸುತ್ತದೆ, ಎರಡು ದಿನ ಮುಂಚೆ ಅಷ್ಟೆ. 2017ರ ಮಾರ್ಚ್ 25ರಂದು ಸೂರ್ಯ–ಭೂಮಿಯ ನಡುವೆ ಹಾದ ಶುಕ್ರ, 2025ರಲ್ಲಿ ಮಾರ್ಚ್ 23ರಂದು ಹಾಯಿತು. ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ದಾಟಿದ ಎರಡು ಸಂಕ್ರಮಗಳೂ (2004ರ ಜೂನ್ 8, 2012ರ ಜೂನ್ 6) ಇದೇ ಲೆಕ್ಕದವು. ಈ ವರ್ಷ ನಿಮ್ಮ ಅಂಗಳದಿಂದ ಬೆಳ್ಳಿ ಎಲ್ಲಿ ಕಂಡಿತೋ ಎಂಟು ವರ್ಷದ ಮೇಲೆ ಅಲ್ಲೇ ಹುಡುಕಬಹುದು.

ಜನವರಿ ಮೊದಲ ವಾರ ಸಂಜೆ ಏಳೂಕಾಲಕ್ಕೆ ಪೂರ್ವ–ಆಗ್ನೇಯದಲ್ಲಿ ಕೆಂಪು, ಹಸಿರು, ನೀಲಿ ಮಿನುಗುವ ಬೆಳಕು ಕಂಡಿತು. ಮೊಬೈಲಿನಲ್ಲಿ ಜೂಮ್ ಮಾಡಿದರೆ ಬಣ್ಣ ಬದಲಿಸುವ ದುಂಡನೆಯ ಗೋಳ. ಡ್ರೋನ್ ಇರಬಹುದೇ? (ಬಳ್ಳಾರಿ)

ಅದು ಲುಬ್ಧಕ, ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಸಾಲನ್ನು ಕೆಳಕ್ಕೆ ಒಂದು ಗೇಣು ಎಳೆದರೆ ಅದರ ಹತ್ತಿರ ಬರುತ್ತೀರಿ. ಅರ್ಧ ಗಂಟೆ ಬಿಟ್ಟು ನೋಡಿ: ಏಳು ಡಿಗ್ರಿಯಷ್ಟು ಏರಿದ್ದರೆ ನಕ್ಷತ್ರವೇ ಸರಿ.

ದಿಗಂತದ ಹತ್ತಿರದ ಬೆಳಕು ನಮ್ಮನ್ನು ಮುಟ್ಟಲು ದಪ್ಪನೆಯ ಗಾಳಿಯ ಪದರ ಹಾಯಬೇಕು. ನೆತ್ತಿಯಲ್ಲಿ ಹಾಯುವ ಗಾಳಿಯನ್ನು ಒಂದು ಪಾಲು ಎಂದರೆ 30 ಡಿಗ್ರಿ ಎತ್ತರದಲ್ಲಿ ಎರಡು ಪಾಲು, 10 ಡಿಗ್ರಿಯಲ್ಲಿ ಐದೂವರೆ, ದಿಗಂತದಲ್ಲಿ ಹೆಚ್ಚುಕಡಿಮೆ 38. ಬಿಸಿ–ತಂಪು ಗಾಳಿಯ ತುಣುಕುಗಳು ಪಟ್ಟಕದ ಹಾಗೆ ಬಣ್ಣಗಳನ್ನು ಬೇರ್ಪಡಿಸಿ, ಒಂದೊಂದು ಕ್ಷಣ ಒಂದೊಂದನ್ನು ಕಣ್ಣಿಗೆ ಕಳಿಸುತ್ತವೆ. ನಕ್ಷತ್ರ ಬರೀ ಬಿಂದುವಾದ್ದರಿಂದ ಈ ಕಂಪನ ಪೂರ್ತಿ ಕಾಣುತ್ತದೆ. ಗುರು, ಶುಕ್ರರಿಗೆ ಪುಟ್ಟದಾದರೂ ಬಿಂಬವಿದೆ. ಅದರ ಬೇರೆ ಬೇರೆ ಭಾಗದ ಕಂಪನಗಳು ಸರಿದೂಗಿ ಬೆಳಕು ನಿಲ್ಲುತ್ತದೆ. ಹಾಗೆಂದು ಐದು ಡಿಗ್ರಿಗಿಂತ ಕೆಳಗೆ ಈ ಪರೀಕ್ಷೆ ನಂಬಬೇಡಿ, ಅಲ್ಲಿ ಶುಕ್ರನೂ ಮಿನುಗುತ್ತದೆ. ಮೊಬೈಲಿನ ಗೋಳ ಫೋಕಸ್ ತಪ್ಪಿದ ಬಿಂದು, ಅಷ್ಟೆ. ಪ್ರೊ ಮೋಡಿನಲ್ಲಿ ಫೋಕಸನ್ನು ಅನಂತಕ್ಕೆ ತಂದು ಎಕ್ಸ್‌ಪೋಷರ್ ತಗ್ಗಿಸಿದರೆ ಗೋಳ ಮಾಯವಾಗುತ್ತದೆ.

ಅಗಸ್ತ್ಯ ನಕ್ಷತ್ರ ಬೀದರಿನಿಂದ ಕಾಣುತ್ತದೆಯೇ? (ಬೀದರ್)

ಚೆನ್ನಾಗಿ ಕಾಣುತ್ತದೆ. ಮಾರ್ಚ್ ನಡುವಿನಲ್ಲಿ ಸಂಜೆ 7.15ರ ಹೊತ್ತಿಗೆ ನೇರ ದಕ್ಷಿಣಕ್ಕೆ ತಿರುಗಿ. ಬೀದರಿನಲ್ಲಿ ಎತ್ತರ 19 ಡಿಗ್ರಿ, ಬೆಂಗಳೂರಿನಲ್ಲಿ 24. ಅದರಿಂದ ಮೂರೂವರೆ ಮುಷ್ಟಿ ಮೇಲೆ ಲುಬ್ಧಕ. ಈ ಎರಡನ್ನು ಬಿಟ್ಟು ಆ ದಿಕ್ಕಿನಲ್ಲಿ ಅಷ್ಟು ಪ್ರಕಾಶದ ನಕ್ಷತ್ರವಿಲ್ಲ. ನಸುಕಿನಲ್ಲಿ ಅಗಸ್ತ್ಯೋದಯ ನೋಡುವುದು ಕಷ್ಟದ ಕೆಲಸ. ಆಗಸ್ಟ್ ನಡುವಿನ ಹೊತ್ತಿಗೆ ಬೆಂಗಳೂರಿನಲ್ಲಿ ಅದು ಸೂರ್ಯನಿಗಿಂತ ಒಂದೂಮುಕ್ಕಾಲು ಗಂಟೆ ಮೊದಲು ಹುಟ್ಟುತ್ತಿರುತ್ತದೆ, ಆದರೆ ಮೋಡ ಬಿಡಬೇಕು. ಬೀದರಿನಲ್ಲಿ ಹುಟ್ಟುವುದು ಇನ್ನೂ ಅರ್ಧ ಗಂಟೆ ತಡ, ಆದ್ದರಿಂದ ಮೊದಲ ದರ್ಶನವೂ ವಾರದ ಮೇಲೆ ತಡ. ವರಾಹಮಿಹಿರನ ಬೃಹತ್ಸಂಹಿತೆ ಅಗಸ್ತ್ಯನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಉದಯದ ದಿನ ಊರಿಂದೂರಿಗೆ ಬೇರೆ ಎನ್ನುತ್ತದೆ.

ಮಕ್ಕಳಿಗೆ ಬೈನಾಕ್ಯುಲರ್ ಕೊಡಿಸಬೇಕು. 7×50 ಒಳ್ಳೆಯದೋ 10×50 ಒಳ್ಳೆಯದೋ? (ದಾವಣಗೆರೆ)

ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಕೈಯಲ್ಲಿ ಹಿಡಿದು ನೋಡುವುದಾದರೆ 7×50. 10×50 ಗುರುವಿನ ನಾಲ್ಕು ಚಂದ್ರರನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಕೈ ನಡುಗಿದರೆ ಅವು ಗೆರೆಗಳಾಗುತ್ತವೆ. ಕಾಂಪೌಂಡ್ ಗೋಡೆಯ ಮೇಲೆ ದಿಂಬಿಟ್ಟು ಮೊಣಕೈ ಊರಿಸಲಿ. ಶನಿಯ ಬಳೆ ಎರಡರಲ್ಲೂ ಕಾಣುವುದಿಲ್ಲ, ಅದಕ್ಕೆ 25 ಪಟ್ಟಿಗಿಂತ ಹೆಚ್ಚು ಹಿಗ್ಗಿಸುವ ದೂರದರ್ಶಕ ಬೇಕು. ‘20×–180×’ ಎಂದು ಬರೆದ ಜೂಮ್ ಬೈನಾಕ್ಯುಲರ್‌ಗಳಿಗೆ ದುಡ್ಡು ಹಾಕಬೇಡಿ. ಕೊಳ್ಳುವಾಗ ದೂರದ ಕಂಬ ನೋಡಿ ಒಂದೊಂದೇ ಕಣ್ಣು ಮುಚ್ಚಿ ತೆರೆಯಿರಿ. ಎರಡು ಚಿತ್ರ ಕೂಡದೆ ಪಕ್ಕಪಕ್ಕ ನಿಂತರೆ ಒಳಗಿನ ಪಟ್ಟಕ ಕದಲಿದೆ, ಅದನ್ನು ಬಿಟ್ಟುಬಿಡಿ.

ಸೂರ್ಯಾಸ್ತದ ನಂತರ ಪೂರ್ವದಲ್ಲಿ ಬೂದು–ನೀಲಿ ಪಟ್ಟಿ, ಅದರ ಮೇಲೆ ಗುಲಾಬಿ ಬಣ್ಣ ಕಾಣುತ್ತದೆ. ಮೋಡವೇ? (ಚಿಕ್ಕಮಗಳೂರು)

ಮೋಡವಲ್ಲ, ಭೂಮಿಯ ನೆರಳು. ಬೆಟ್ಟದ ಊರಿನವರಾದ್ದರಿಂದ ನಿಮಗೆ ಚೆನ್ನಾಗಿ ಕಂಡಿದೆ. ಸೂರ್ಯ ಮುಳುಗಿದ ಹತ್ತು–ಹದಿನೈದು ನಿಮಿಷ ಅದು ಮೇಲೇರುವುದನ್ನು ಗಮನಿಸಬಹುದು, ಆಮೇಲೆ ಕತ್ತಲಲ್ಲಿ ಬೆರೆಯುತ್ತದೆ. ಗುಲಾಬಿ ಪಟ್ಟಿ ನೆರಳಿನ ಮೇಲಿನ ಗಾಳಿಗೆ ತಾಗಿದ ಕೊನೆಯ ಕೆಂಬೆಳಕು. ಹುಣ್ಣಿಮೆಯಂದು ಈ ಪಟ್ಟಿಯ ಹತ್ತಿರವೇ ಚಂದ್ರ ಏಳುತ್ತಾನೆ.

ಹಗಲಿನಲ್ಲಿ ಶುಕ್ರ ಕಾಣುತ್ತದೆ ಎನ್ನುತ್ತಾರೆ. ನಿಜವೇ? (ಕುಂದಾಪುರ)

ನಿಜ. ಶುಕ್ರ ಸೂರ್ಯನಿಂದ ಮೂರು ಮುಷ್ಟಿಗಿಂತ ದೂರವಿರುವ ತಿಂಗಳು ಆರಿಸಿ, ನಸುಕಿನಲ್ಲಿ ಕಾಣುವ ಕಾಲವಾದರೆ ಮತ್ತೂ ಸುಲಭ. ಸೂರ್ಯೋದಯಕ್ಕೆ ಮೊದಲೇ ಶುಕ್ರನನ್ನು ಹಿಡಿದು, ಮನೆಯ ಸೂರಿನ ತುದಿಗೋ ವಿದ್ಯುತ್ ತಂತಿಗೋ ಸಾಲಾಗಿ ಬರುವಂತೆ ನಿಂತುಕೊಳ್ಳಿ. ನಿಂತ ಜಾಗಕ್ಕೆ ಕಲ್ಲಿಟ್ಟು ಗುರುತು ಮಾಡಿ. ಹತ್ತು ನಿಮಿಷಕ್ಕೆ ಎರಡೂವರೆ ಡಿಗ್ರಿ, ಅಂದರೆ ಎರಡೂವರೆ ಕಿರುಬೆರಳಷ್ಟು, ಮೇಲಕ್ಕೂ ಸಾಮಾನ್ಯವಾಗಿ ತುಸು ಬಲಕ್ಕೂ ಅದು ಸರಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೋಡುತ್ತಾ ಹಿಂಬಾಲಿಸಿದರೆ ಬಿಸಿಲೇರಿದ ಮೇಲೂ ಕೈತಪ್ಪುವುದಿಲ್ಲ. ಸೂರ್ಯ ಮೇಲೆ ಬಂದೊಡನೆ ಅವನು ಗೋಡೆಯ ಮರೆಗೆ ಪೂರ್ತಿ ಹೋಗುವಂಥ ನೆರಳಿಗೆ ಸರಿಯಿರಿ, ಬೈನಾಕ್ಯುಲರ್ ಒಳಗಿಡಿ.

ಕೈತಪ್ಪಿದರೆ ಕಾರಣ ಹೆಚ್ಚಾಗಿ ಒಂದೇ. ಬರೀ ನೀಲಿಯನ್ನು ದಿಟ್ಟಿಸುವ ಕಣ್ಣು ತಾನಾಗಿ ಹತ್ತಿರಕ್ಕೆ ಫೋಕಸ್ ಆಗುತ್ತದೆ, ಶುಕ್ರ ಹರಡಿ ಮಾಯವಾಗುತ್ತದೆ. ದೂರದ ಮರದ ತುದಿಯನ್ನು ಒಂದೆರಡು ಸೆಕೆಂಡ್ ನೋಡಿ, ಅಲ್ಲಿಂದ ದೃಷ್ಟಿಯನ್ನು ನೇರ ಶುಕ್ರನ ಜಾಗಕ್ಕೆ ಒಯ್ಯಿರಿ. ಕರಾವಳಿಯಲ್ಲಿ ಆಕಾಶ ಬಹುದಿನ ಬಿಳಿಚಿರುತ್ತದೆ, ಅಂಥ ದಿನ ಪ್ರಯತ್ನಿಸಬೇಡಿ. ಮಳೆ ಬಂದು ಬಿಟ್ಟ ಮರುದಿನದ ಕಡುನೀಲಿಗೆ ಕಾಯಿರಿ. ಬಹುಳ ದ್ವಾದಶಿ–ತ್ರಯೋದಶಿಯ ಸುಮಾರಿಗೆ ಸವೆದ ಚಂದ್ರ ಶುಕ್ರನ ಪಕ್ಕ ಬಂದಿದ್ದರೆ ಮೊದಲು ಚಂದ್ರನನ್ನು ಹುಡುಕಿ, ಅಲ್ಲಿಂದ ಬೆರಳಳತೆಯಲ್ಲಿ ಶುಕ್ರನಿಗೆ ಹೋಗಿ.